ವಾಪಸ್ ಬಂದ ಮೂರು ಹಾಳೆ

"ಇದೇನ್ ಸಾರ್, ಮೂರು ಹಾಳೆ ಖಾಲಿ ವಾಪಸ್ ಕೊಟ್ಟಿದೀರಾ?"

ನಕಲು ವಿಭಾಗದ ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ಗುರುಸಿದ್ದಯ್ಯ ತಲೆ ಎತ್ತಲಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದನ್ನೂ ಮೇಲೆ ತಳ್ಳಲಿಲ್ಲ.

"ಮಿಕ್ಕಿದ್ದು ಅವು. ಮಿಕ್ಕಿದ್ದನ್ನ ಅರ್ಜಿದಾರರಿಗೆ ವಾಪಸ್ ಕೊಡ್ಬೇಕು. ರೂಲ್ಸು. ಇಲ್ಲಿ ಹೆಬ್ಬೆಟ್ಟು ಒತ್ತಿಸಿ."

ಅಂಬುಜಾ ಮತ್ತೊಮ್ಮೆ ಎಣಿಸಿದಳು. ಟೈಪ್ ಮಾಡಿದ ಹಾಳೆ ಆರು. ಒಂದೊಂದರ ಕೆಳಗೂ ಕಚೇರಿಯ ದುಂಡು ಮೊಹರು, 'ಮೂಲದಂತೆ ನಕಲು' ಎಂಬ ಒಕ್ಕಣೆ, ಅದರಡಿ ಒಂದು ಪುಟ್ಟ ಸಹಿ. ಆಮೇಲೆ ಗುಂಡುಪಿನ್ನು ಚುಚ್ಚಿದ ಮೂರು ಖಾಲಿ ಹಾಳೆ.

ಒಂಬತ್ತು ಕೊಟ್ಟಿದ್ದಳು. ಆರು ತುಂಬಿ ಬಂದಿದ್ದವು.

ರಾಜಾಜಿನಗರದ ಈ ಯಂತ್ರ ತಪಾಸಣಾ ಕಚೇರಿಯಲ್ಲಿ ಹಳೆಯ ದಾಖಲೆಯ ನಕಲು ಬೇಕೆಂದರೆ ಹಾಳೆಯನ್ನು ಕೇಳಿದವರೇ ತಂದುಕೊಡಬೇಕು. ಅರ್ಜಿ ಹಾಕಿದ ಮೇಲೆ ಗುಮಾಸ್ತ ಮೂಲ ಕಡತವನ್ನು ತರಿಸಿ ಪುಟ ಎಣಿಸುತ್ತಾನೆ. ಮೂಲದ ಒಂದು ಪುಟಕ್ಕೆ ನಕಲಿನ ಒಂದು ಹಾಳೆ. ಆ ಲೆಕ್ಕವನ್ನು ಹೊರಗಿನ ಬೋರ್ಡಿಗೆ ಅಂಟಿಸುತ್ತಾರೆ. ಮಂಗಳವಾರ ಅಂಬುಜಾ ಕಣ್ಣಾರೆ ಓದಿದ್ದಳು: ಅರ್ಜಿ ನಂಬರ್ ೨೧೨, ಹಾಳೆ ೯.

ಇವತ್ತು ಶುಕ್ರವಾರ. ಮೂರು ದಿನದಲ್ಲಿ ಮೂರು ಪುಟ ಎಲ್ಲಿ ಹೋದವು?

"ಸಾರ್, ಮಂಗಳವಾರ ಒಂಬತ್ತು ಅಂತ ನೀವೇ ಹಾಕಿದ್ರಿ."

"ಫೈಲಲ್ಲಿ ಇದ್ದದ್ದನ್ನ ಇದ್ದ ಹಾಗೆ ಟೈಪ್ ಮಾಡಿದೀನಿ. ಅರ್ಜಿದಾರರು ಯಾರು? ಗಂಡನ ಹೆಸರು ಹೇಳಿ."

ಪಕ್ಕದಲ್ಲಿ ನಿಂತಿದ್ದ ನರಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸೊಂಟದಲ್ಲಿ ಹೂವಿನ ಬುಟ್ಟಿ. ಕಾಮಾಕ್ಷಿಪಾಳ್ಯದಿಂದ ಇಲ್ಲಿಯವರೆಗೆ ಕನಕಾಂಬರ ಮಾರುತ್ತಲೇ ನಡೆದು ಬಂದಿದ್ದಳು. ಮೊಣಕೈಯಿಂದ ಅಂಬುಜಾಳ ಸೊಂಟಕ್ಕೆ ಮೆಲ್ಲಗೆ ತಿವಿದಳು.

"ನೀವೇ ಹೇಳಿ ಟೀಚರಮ್ಮ. ನನ್ ಬಾಯಲ್ಲಿ ಅವರ ಹೆಸರಾ? ಅಯ್ಯಪ್ಪಾ!"

ಸಾಲಿನಲ್ಲಿದ್ದವನೊಬ್ಬ ಕಿಸಕ್ಕನೆ ನಕ್ಕ. "ಏನಮ್ಮಾ, ಗಂಡನ ಹೆಸರು ಹೇಳಿದ್ರೆ ನಾಲ್ಗೆ ಸುಟ್ಟೋಗುತ್ತಾ?"

"ನಿನ್ ಹೆಂಡ್ತಿ ಹೇಳ್ತಾಳೇನಪ್ಪ?"

"ಅವಳು ಹೇಳೋದೇ ಅದೊಂದು. ಅದರ ಹಿಂದೆ ಮುಂದೆ ಬೈಗುಳ ಅಷ್ಟೇ."

ಇಡೀ ಸಾಲು ನಕ್ಕಿತು. ಗುರುಸಿದ್ದಯ್ಯ ಮಾತ್ರ ನಗಲಿಲ್ಲ. ಯಾರು ನಕ್ಕರೆಂದು ಕತ್ತೆತ್ತಿಯೂ ನೋಡಲಿಲ್ಲ.

"ಬೆಟ್ಟಯ್ಯ," ಎಂದಳು ಅಂಬುಜಾ. "ಬಾಯ್ಲರ್ ಬೆಟ್ಟಯ್ಯ."

ಆರು ತಿಂಗಳ ಹಿಂದೆ ಕಾಮಾಕ್ಷಿಪಾಳ್ಯದಲ್ಲಿ ಚನ್ನಮಲ್ಲಪ್ಪನವರ ನೂಲಿಗೆ ಬಣ್ಣ ಹಾಕುವ ಫ್ಯಾಕ್ಟರಿಯ ಬಾಯ್ಲರ್ ಸಿಡಿದು ಹನುಮಯ್ಯ ಎಂಬ ಕೆಲಸಗಾರ ಗುರುತು ಸಿಗದಂತೆ ಬೆಂದು ಸತ್ತಿದ್ದ. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಬೆಟ್ಟಯ್ಯನದೇ ತಪ್ಪೆಂದು ಕೇಸಾಗಿ, ಅವನು ಜಾಮೀನು ನಿಲ್ಲುವವರಿಲ್ಲದೆ ಅಂದಿನಿಂದ ಜೈಲಿನಲ್ಲಿದ್ದ.

ಅವನಿಗಿದ್ದದ್ದು ಒಂದೇ ಆಸೆ. ಬಾಯ್ಲರ್ ಸಿಡಿಯುವ ಇಪ್ಪತ್ತು ದಿನ ಮೊದಲು ಸರ್ಕಾರಿ ಇನ್ಸ್‌ಪೆಕ್ಟರು ಫ್ಯಾಕ್ಟರಿಗೆ ಬಂದಿದ್ದರು. ಉಗಿ ಬಿಡುವ ಮುಚ್ಚಳ ಕೆಟ್ಟಿದೆ, ಹೇಳಿದರೂ ಧಣಿ ಕೇಳುತ್ತಿಲ್ಲ ಎಂದು ಬೆಟ್ಟಯ್ಯ ಅವರ ಎದುರು ಹೇಳಿಕೆ ಬರೆಸಿ ಹೆಬ್ಬೆಟ್ಟು ಒತ್ತಿದ್ದ. ಆ ಹೇಳಿಕೆಯ ನಕಲು ಕೋರ್ಟಿಗೆ ಹೋದರೆ ಅವನು ಮನೆಗೆ ಬರುತ್ತಾನೆ. ಹೋಗದಿದ್ದರೆ ಎಷ್ಟು ವರ್ಷವೋ. ದಾಖಲೆ ಸಲ್ಲಿಸಲು ಸೋಮವಾರವೇ ಕೊನೆಯ ದಿನ.

ಅಂಬುಜಾ ನಿಂತಲ್ಲೇ ಆರೂ ಹಾಳೆಯ ಮೇಲೆ ಕಣ್ಣಾಡಿಸಿದಳು. ನಾಲ್ಕನೆಯ ಹಾಳೆಯಲ್ಲಿ ಒಂದು ಸಾಲು: 'ಉಗಿ ಬಿಡುವ ಮುಚ್ಚಳದ ಸ್ಥಿತಿಗೆ ಬಾಯ್ಲರ್ ಕೆಲಸಗಾರನ ಹೇಳಿಕೆ ನೋಡಿ.'

ನೋಡಲು ಹೇಳಿಕೆಯೇ ಇರಲಿಲ್ಲ.

"ಸಿಕ್ತಾ ಟೀಚರಮ್ಮ?" ನರಸಮ್ಮ ಕತ್ತು ಚಾಚಿದಳು. "ಎಲ್ಲಾ ಬಂತಾ?"

"ಆರು ಹಾಳೆ ಬಂತು ಅಕ್ಕಾ."

"ಅಷ್ಟೇನಾ? ಇನ್ನೇನೂ ಇಲ್ವಾ ಅದ್ರಲ್ಲಿ?"

"ಇಲ್ಲ."

ನರಸಮ್ಮ ಉಸಿರು ಬಿಟ್ಟಳು. "ಹೋಗ್ಲಿ ಬಿಡಿ. ಇಷ್ಟು ದೊಡ್ಡ ಸೀಲು ಹಾಕಿದಾರಲ್ಲ. ಇದೇ ಸಾಕು."

*

ಎದುರಿನ ಹೋಟೆಲಿನ ಹೊರಗೆ ಸೈಕಲ್ಲಿಗೆ ಒರಗಿಕೊಂಡು ಮುನಿರಾಮಯ್ಯ ಕಾಯುತ್ತಿದ್ದ. ರಿಟೈರಾದ ಪೊಲೀಸ್ ದಫೇದಾರ. ಕಾಮಾಕ್ಷಿಪಾಳ್ಯದಲ್ಲಿ ಅಂಬುಜಾಳ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಲಿನ ಮನೆಯವನು. ಊರವರಿಗೆ ಅರ್ಜಿ ಬರೆದುಕೊಡುತ್ತಾ ಬರೆದುಕೊಡುತ್ತಾ ಈ ಹುಡುಗಿ ಕಳ್ಳರ ಬೆನ್ನು ಹತ್ತಲು ಶುರು ಮಾಡಿದಾಗಿನಿಂದ ಅವಳ ಜೊತೆ ತಿರುಗುವುದೇ ಅವನ ಪೆನ್ಷನ್ ಕಾಲದ ಕೆಲಸ.

"ಅಣ್ಣಾ, ಬೈಟೂ ಕಾಫಿ!" ಎಂದು ಕೂಗಿ ಅಂಬುಜಾಳ ಕಡೆ ತಿರುಗಿದ. "ಏನಮ್ಮಾ ಅಂಬೂ, ಮುಖ ಹುಳಿ ಮಜ್ಗೆ ಕುಡ್ದೋರ ಹಂಗಿದೆ?"

ನರಸಮ್ಮ ಸ್ವಲ್ಪ ದೂರದಲ್ಲಿ ಅಂಗಡಿ ಮೆಟ್ಟಿಲ ಮೇಲೆ ಕೂತು ಹೂ ಕಟ್ಟಲು ತೊಡಗಿದಳು. ಅಂಬುಜಾ ದನಿ ತಗ್ಗಿಸಿ ಎಲ್ಲ ಹೇಳಿದಳು.

ಮುನಿರಾಮಯ್ಯ ಮೀಸೆ ತೀಡಿದ. "ಕೇಸ್ ಮುಗೀತು. ವೆಂಕಟರಮಣಪ್ಪ."

"ಯಾವ ವೆಂಕಟರಮಣಪ್ಪ?"

"ರೆಕಾರ್ಡ್ ರೂಮಿನೋನು. ಬೀಗದ ಕೈ ಇರೋದು ಅವನ ಸೊಂಟದಲ್ಲಿ. ಕೈಯಲ್ಲಿ ನೋಡು, ಹೊಸ ಎಚ್‌ಎಂಟಿ ವಾಚು."

"ನಿಮ್ಮ ಕೈಯಲ್ಲೂ ಎಚ್‌ಎಂಟಿ ಇದೆ ಮಾಮ."

"ಇದು ಡಿಪಾರ್ಟ್‌ಮೆಂಟ್ ಕೊಟ್ಟಿದ್ದು ಕಣಮ್ಮ! ಬೀಳ್ಕೊಡುಗೆಗೆ!"

"ಅವರಿಗೆ ಮಾವನ ಮನೆಯೋರು ಕೊಟ್ಟಿರ್ಬೋದು. ವಾಚು ಸಾಕ್ಷಿ ಆಗಲ್ಲ."

"ಸರಿ, ಹಂಗಾದ್ರೆ ಚನ್ನಮಲ್ಲಪ್ಪ. ಆ ಹಾಳೆ ಹೊರಗೆ ಬಂದ್ರೆ ಮೊದ್ಲು ಕುತ್ತಿಗೆಗೆ ಬರೋದು ಅವನಿಗೇ."

"ಅವರು ಕೋಲಾರಕ್ಕೆ ಹೋಗಿ ವಾರ ಆಯ್ತು. ಮಗಳ ಬಾಣಂತನ. ನೀವೇ ವಿಚಾರಿಸ್ಕೊಂಡು ಬಂದಿದ್ದು."

"ಆಳು ಕಳಿಸಿರ್ತಾನೆ."

"ಕಳಿಸಿರ್ಬೋದು. ಆದ್ರೆ ಮಂಗಳವಾರದಿಂದ ಇವತ್ತಿನ ತನಕ ಫೈಲು ರೆಕಾರ್ಡ್ ರೂಮಲ್ಲೇ ಇರ್ಲಿಲ್ಲ ಮಾಮ. ಗುರುಸಿದ್ದಯ್ಯನವರ ಟೇಬಲ್ ಮೇಲಿತ್ತು."

"ಹಂಗಾದ್ರೆ ಆ ಮುದುಕಾನೇ ಕಳ್ಳ! ತಡಿ, ಎರಡು ಬಿಟ್ರೆ..."

"ಯಾರಿಗೂ ಬಿಡೋ ಹಂಗಿಲ್ಲ. ಮೊದ್ಲು ಕಾಫಿ ಕುಡೀರಿ."

ಅವಳು ಹೋಟೆಲಿನವರು ಹೊರಗೆ ಹಾಕಿದ್ದ ಮೇಜಿನ ಮುಂದೆ ಕೂತು, ಮೂರು ಖಾಲಿ ಹಾಳೆಯನ್ನು ಅದರ ಮೇಲೆ ಬಿಡಿಸಿಟ್ಟಳು. ಅವುಗಳ ಪಕ್ಕದಲ್ಲಿ ಟೈಪಾದ ಒಂದು ಹಾಳೆ.

"ನೋಡಿ. ಎಷ್ಟು ಒತ್ತೊತ್ತಾಗಿ ಟೈಪ್ ಮಾಡಿದಾರೆ. ಸಾಲಿಗೆ ಸಾಲು ಅಂಟ್ಕೊಂಡಿದೆ. ನಾನು ದಿನಾ ನಲವತ್ತು ಜನಕ್ಕೆ ಟೈಪಿಂಗ್ ಕಲಿಸ್ತೀನಿ ಮಾಮ. ಸಾಲಿನ ಮಧ್ಯೆ ಜಾಗ ಬಿಟ್ಟು, ಪಕ್ಕದಲ್ಲಿ ಅಗಲಕ್ಕೆ ಮಾರ್ಜಿನ್ ಬಿಟ್ಟು ಹೊಡೆದಿದ್ರೆ ಇದೇ ವಿಷಯ ಆರಾಮಾಗಿ ಒಂಬತ್ತು ಹಾಳೆಗೆ ಬರೋದು. ಆಗ ನನಗೆ ಅನುಮಾನಾನೇ ಬರ್ತಿರ್ಲಿಲ್ಲ."

ಮುನಿರಾಮಯ್ಯನ ಲೋಟ ಬಾಯಿಯ ಹತ್ತಿರ ನಿಂತಿತು. "ಮೂವತ್ತು ವರ್ಷ ಟೈಪ್ ಹೊಡೆದೋನಿಗೆ ಅದು ಗೊತ್ತಿಲ್ವಾ?"

"ಗೊತ್ತು. ಗೊತ್ತಿದ್ದೂ ಆರಕ್ಕೆ ನಿಲ್ಲಿಸಿ, ಮೂರು ಹಾಳೆ ಪಿನ್ ಹಾಕಿ ನನ್ನ ಕೈಗಿಟ್ಟಿದಾರೆ."

"ಅಂದ್ರೆ?"

"ಕಳ್ಳ ಅವರಲ್ಲ. ಆದ್ರೆ ಕಳ್ಳ ಯಾರು ಅಂತ ಅವರಿಗೆ ಗೊತ್ತು."

ಕಚೇರಿಯಲ್ಲಿ ಊಟದ ಗಂಟೆ ಬಾರಿಸಿತು. ಅಂಬುಜಾ ಎದ್ದಳು. ಅರ್ಧ ಕಾಫಿ ಹಾಗೇ ಉಳಿಯಿತು.

"ನೀವಿಲ್ಲೇ ಇರಿ ಮಾಮ. ಮೀಸೆ ನೋಡಿದ್ರೆ ಅವರು ಬಾಯೇ ಬಿಡಲ್ಲ."

*

ಕಚೇರಿಯ ಹಿಂಭಾಗದಲ್ಲಿ ಒಂದು ಹೊಂಗೆ ಮರ. ಅದರ ಕೆಳಗಿನ ಕಲ್ಲುಬೆಂಚಿನ ಮೇಲೆ ಗುರುಸಿದ್ದಯ್ಯ ಒಬ್ಬರೇ ಕೂತಿದ್ದರು. ತೊಡೆಯ ಮೇಲೆ ಟಿಫನ್ ಕ್ಯಾರಿಯರು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಮುರಿದಿದ್ದರು, ತಿಂದಿರಲಿಲ್ಲ.

ಅಂಬುಜಾಳನ್ನು ನೋಡಿ ಡಬ್ಬಿಯ ಮುಚ್ಚಳ ಹಾಕಿದರು.

"ಊಟ ಮಾಡಿ ಸಾರ್. ನಾನು ಕಾಯ್ತೀನಿ."

"ಬಾ ತಂಗಿ, ಕೂತ್ಕೋ. ನೀನು ಬರ್ತೀಯ ಅಂತ ಗೊತ್ತಿತ್ತು." ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ರೊಟ್ಟಿ ತಿಂತೀಯಾ? ದಾವಣಗೆರೆ ಜೋಳ. ಇಲ್ಲಿ ಸಿಗೋದಲ್ಲ."

ಅವಳು ಒಂದು ಚೂರು ತೆಗೆದುಕೊಂಡಳು.

"ಹಾಳೆ ಬೇಕಂತಲೇ ವಾಪಸ್ ಕೊಟ್ರಾ ಸಾರ್?"

"ರೂಲ್ಸು ತಂಗಿ."

"ರೂಲ್ಸಿನ ಪ್ರಕಾರ ಕೊಟ್ರಾ, ಬೇಕಂತ ಕೊಟ್ರಾ?"

ಗುರುಸಿದ್ದಯ್ಯ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಕನ್ನಡಕವಿಲ್ಲದ ಕಣ್ಣು ಚಿಕ್ಕದಾಗಿ, ದಣಿದು ಕಂಡಿತು.

"ಜೂನ್‌ಗೆ ರಿಟೈರ್ ಆಗ್ತೀನಿ. ಮೂವತ್ತೊಂದು ವರ್ಷ. ಒಂದು ಕಾಮಾ ತಪ್ಪಿಲ್ಲ ನನ್ನ ನಕಲಲ್ಲಿ. ಮೂಲದಲ್ಲಿ ತಪ್ಪಿದ್ರೆ ತಪ್ಪನ್ನೂ ಹಂಗೇ ಟೈಪ್ ಮಾಡ್ತೀನಿ. ಫೈಲು ನನ್ನ ಸಹಿ ಮೇಲೆ ಹೊರಗೆ ಬಂದಿದ್ದು. ನನ್ನ ಟೇಬಲ್ ಮೇಲಿಂದ ಮೂರು ಪುಟ ಹೋಯ್ತು ಅಂದ್ರೆ..."

"ಯಾವಾಗ ಗೊತ್ತಾಯ್ತು?"

"ನಿನ್ನೆ ಬೆಳಗ್ಗೆ, ಟೈಪ್ ಮಾಡಕ್ಕೆ ಕೂತಾಗ."

"ಯಾವ್ಯಾವ ಪುಟ?"

"ಹೇಳಿಕೆ ಎರಡು ಪುಟ. ಇನ್ನೊಂದು ಎಣ್ಣೆ ಡಬ್ಬದ ಚೀಟಿ. ಬಾಯ್ಲರ್‌ಗೆ ಎರಡು ಡಬ್ಬ ಎಣ್ಣೆ ತಗೊಂಡಿದೀನಿ ಅಂತ ಬೆಟ್ಟಯ್ಯ ಬರೆಸಿ ಕೊಟ್ಟಿದ್ದು."

ಅಂಬುಜಾಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಎಣ್ಣೆ ಚೀಟಿ ಯಾರಿಗೆ ಬೇಕು ಸಾರ್?"

"ನಾನೂ ಅದೇ ಯೋಚಿಸ್ದೆ."

"ನಾಲ್ಕನೇ ಪುಟದಲ್ಲಿ 'ಹೇಳಿಕೆ ನೋಡಿ' ಅಂತ ಇದೆ. ಕಳ್ಳನಿಗೆ ಬೆಟ್ಟಯ್ಯನ ಹೇಳಿಕೆ ಮುಚ್ಚಿಡ್ಬೇಕಿದ್ರೆ ಮೊದ್ಲು ಆ ಪುಟ ಕಿತ್ತು ಹಾಕ್ಬೇಕಿತ್ತು. ಅದನ್ನ ಬಿಟ್ಟು ಉಪಯೋಗಕ್ಕೆ ಬಾರದ ಎಣ್ಣೆ ಚೀಟಿ ಯಾಕೆ ಒಯ್ದ?" ಅವಳು ಎದ್ದು ನಿಂತಳು. ಯೋಚನೆ ಓಡುವಾಗ ಅವಳಿಗೆ ಕೂರಲಾಗುತ್ತಿರಲಿಲ್ಲ. "ಆ ಮೂರೂ ಪುಟದಲ್ಲಿ ಒಂದೇ ಥರ ಇರೋದು ಏನು?"

ಗುರುಸಿದ್ದಯ್ಯ ತಮ್ಮ ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದರು. ಅಷ್ಟೇ.

"ಹೆಬ್ಬೆಟ್ಟು," ಎಂದಳು ಅಂಬುಜಾ ಮೆಲ್ಲಗೆ. "ಬೆಟ್ಟಯ್ಯನ ಹೆಬ್ಬೆಟ್ಟಿರೋ ಪುಟ ಎಲ್ಲಾ ಹೋಗಿದೆ. ತಗೊಂಡೋರಿಗೆ ಓದಕ್ಕೆ ಬರಲ್ಲ. ಮಸಿ ಗುರುತು ನೋಡಿ ತಗೊಂಡಿದಾರೆ."

"ಹರಿದಿಲ್ಲ ತಂಗಿ. ಫೈಲಿನ ದಾರ ಬಿಚ್ಚಿ, ಪುಟ ತೆಗೆದು, ಮತ್ತೆ ದಾರ ಕಟ್ಟಿದೆ. ನಾವು ಕಟ್ಟೋದು ಸುತ್ತು ಹಾಕಿ, ಕುಣಿಕೆ ಹಾಕಿ. ಇದು ಹಂಗಲ್ಲ. ಎರಡು ಬೆರಳಿನ ಮಧ್ಯೆ ದಾರ ತಿರುವಿ ಜಗ್ಗಿದ ಗಂಟು. ಎಷ್ಟು ನೀಟಾಗಿ ಕಟ್ಟಿದೆ ಅಂದ್ರೆ, ಬಿಚ್ಚಕ್ಕೆ ಮನಸ್ಸೇ ಬರ್ಲಿಲ್ಲ. ನಮ್ಮನೇಲಿ ಹಬ್ಬದ ದಿನ ಮೊಗ್ಗು ಕಟ್ಟುವಾಗ ನೋಡಿದೀನಿ."

ಹೂ ಕಟ್ಟುವವರ ಗಂಟು.

ಅಂಬುಜಾ ಮತ್ತೆ ಕೂತಳು.

"ನರಸಮ್ಮ ಬುಧವಾರ ಬಂದಿದ್ರಾ?"

"ಊಟದ ಹೊತ್ತಲ್ಲಿ." ಗುರುಸಿದ್ದಯ್ಯನವರ ದನಿ ಇಳಿಯಿತು. "ಒಬ್ಬಳೇ ಬಂದ್ಲು. ಅವರ ಹೆಬ್ಬೆಟ್ಟು ಇದೆಯಂತೆ, ಒಂದ್ಸಲ ನೋಡ್ತೀನಿ ಸ್ವಾಮಿ, ಆರು ತಿಂಗಳಾಯ್ತು ಅವರ ಕೈ ಮುಟ್ಟಿ, ಅಂದ್ಲು. ಫೈಲು ತೋರಿಸ್ಬೇಕಂದ್ರೆ ರಿಜಿಸ್ಟರಲ್ಲಿ ಬರ್ಕೋಬೇಕು. ಗಂಡನ ಹೆಸರು ಹೇಳಮ್ಮ ಅಂದೆ. ಹೇಳಲ್ಲ ಅಂತಾಳೆ. ಪಕ್ಕದಲ್ಲಿ ಹೇಳಿಕೊಡೋರೂ ಯಾರಿಲ್ಲ. ನನ್ ಹೆಂಡ್ತೀನೂ ಹಂಗೇ, ರೇಷನ್ ಅಂಗಡೀಲಿ ನನ್ನ ಹೆಸರು ಹೇಳಕ್ಕೆ ಪಕ್ಕದ ಮನೆ ಹುಡುಗೀನ ಕರ್ಕೊಂಡು ಹೋಗೋಳು. ಪಾಪ ಅನ್ಸ್ತು. ಹೋಗ್ಲಿ, ಬರಿಯೋದೇ ಬೇಡ, ನೋಡ್ಕೋ ಅಂತ ಫೈಲು ಬಿಡಿಸಿ ಮುಂದಿಟ್ಟೆ."

"ನೀವು ಅಲ್ಲೇ ಇದ್ರಾ?"

"ಮಸಿ ಗುರುತಿನ ಮೇಲೆ ಬೆರಳಾಡಿಸ್ಕೊಂಡು ಅಳ್ತಾ ಇದ್ಲು. ಒಂದು ಹೆಣ್ಣುಮಗಳು ಅಳೋದನ್ನ ನೋಡ್ತಾ ನಿಂತ್ಕೋಬಾರ್ದು ಅಂತ ಕೈ ತೊಳ್ಕೊಂಡು ಬರಕ್ಕೆ ಹೋದೆ. ಐದು ನಿಮಿಷ. ಅಷ್ಟೇ ತಂಗಿ. ಮೂವತ್ತೊಂದು ವರ್ಷದಲ್ಲಿ ಐದು ನಿಮಿಷ."

ಹೊಂಗೆಯ ಒಣಗಿದ ಎಲೆಯೊಂದು ಡಬ್ಬಿಯ ಮೇಲೆ ಬಿತ್ತು. ಅವರು ಅದನ್ನು ಎತ್ತಿ ಪಕ್ಕಕ್ಕಿಟ್ಟರು.

"ಯಾಕೆ ಕೂಗಾಡ್ಲಿಲ್ಲ ಸಾರ್? ನಿನ್ನೆನೇ ಪೊಲೀಸರಿಗೆ ಹೇಳ್ಬೋದಿತ್ತು."

"ಗಂಡ ಒಳಗಿದಾನೆ. ಇವಳನ್ನೂ ಒಳಗೆ ಹಾಕ್ಸ್ಲಾ? ಸುಮ್ನೆ ಇದ್ರೆ ಅವನ ಗತಿ ಏನು? ರಾತ್ರಿ ಎಲ್ಲ ನಿದ್ದೆ ಇಲ್ಲ. ಬೆಳಗ್ಗೆ ಮೂರು ಹಾಳೆಗೆ ಪಿನ್ ಚುಚ್ಚಿದೆ. ನೀನು ಬುದ್ಧಿವಂತೆ ಅಂತ ಜನ ಹೇಳ್ತಾರೆ. ನೋಡೋಣ ಅಂತ."

ಕಿಟಕಿಯಲ್ಲಿ ಅವರು ಯಾಕೆ ತಲೆ ಎತ್ತಲಿಲ್ಲವೆಂದು ಅಂಬುಜಾಳಿಗೆ ಈಗ ತಿಳಿಯಿತು. ನರಸಮ್ಮನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ.

"ಆ ಹೇಳಿಕೆ ನೀವು ಓದಿದ್ರಾ?"

"ಪೂರ್ತಿ ಇಲ್ಲ. ಮಂಗಳವಾರ ಪುಟ ಎಣಿಸುವಾಗ ಕಣ್ಣಾಡಿಸ್ದೆ. ಮುಚ್ಚಳ ಕೆಟ್ಟಿದೆ, ಧಣಿಗೆ ಮೂರು ಸಲ ಹೇಳಿದೀನಿ ಅಂತ ಇತ್ತು. ಆಮೇಲೆ..." ಅವರು ಹುಬ್ಬು ಗಂಟಿಕ್ಕಿದರು. "ಬಾಯ್ಲರ್ ಮನೇಲಿ ಪಾಳಿಗೆ ಮೂವರು ಇರ್ತೀವಿ ಅಂತ ಬರೆಸಿದ್ದ. ಮೂವರು ಅನ್ನೋದು ಚೆನ್ನಾಗಿ ನೆನಪಿದೆ. ಯಾಕಂದ್ರೆ ಅಕ್ಷರ ಕೆಟ್ಟದಾಗಿತ್ತು, ಎರಡು ಸಲ ಓದ್ದೆ."

"ಮೂವರಾ? ಸಾರ್, ಕೋರ್ಟಲ್ಲಿ ಎಲ್ಲಾ ಸಾಕ್ಷಿಗಳೂ ಇಬ್ರು ಅಂತಾರೆ. ಬೆಟ್ಟಯ್ಯ, ಹನುಮಯ್ಯ. ಹಾಜರಿ ಪುಸ್ತಕದಲ್ಲೂ ಇಬ್ರೇ."

"ಹಾಜರಿ ಪುಸ್ತಕ ಧಣಿ ಬರ್ಸೋದು. ಹೇಳಿಕೆ ಅವನು ಬರ್ಸಿದ್ದು."

"ಮೂರನೆಯವನ ಹೆಸರು?"

"ಇತ್ತು. ನೆನಪಿಲ್ಲ ತಂಗಿ. ಟೈಪ್ ಮಾಡಿದ್ರೆ ಬೆರಳಿಗೆ ನೆನಪಿರ್ತಿತ್ತು."

ಊಟದ ಹೊತ್ತು ಮುಗಿದ ಗಂಟೆ ಬಾರಿಸಿತು. ಗುರುಸಿದ್ದಯ್ಯ ಡಬ್ಬಿ ಜೋಡಿಸಿಕೊಂಡು ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿದರು.

"ಇನ್ನೊಂದು ಅರ್ಜಿ ಹಾಕು. ಮಂಗಳವಾರ ಬೋರ್ಡಿಗೆ ಹಾಕಿದ ಪಟ್ಟಿಯ ನಕಲು ಬೇಕು ಅಂತ. ಅದೂ ಸರ್ಕಾರಿ ಕಾಗದಾನೇ. ಅದ್ರಲ್ಲಿ ಒಂಬತ್ತು ಅಂತ ನನ್ನ ಸಹಿ ಇದೆ. ಒಂದೇ ಹಾಳೆ. ಸಂಜೆಯೊಳಗೆ ನಾನೇ ಟೈಪ್ ಮಾಡಿ ಕೊಡ್ತೀನಿ. ಮೂರು ಪುಟ ಇತ್ತು, ಆಮೇಲೆ ಹೋಯ್ತು ಅಂತಾದ್ರೂ ಕೋರ್ಟಿಗೆ ಗೊತ್ತಾಗುತ್ತೆ."

"ಸಾರ್, ಹಂಗೆ ಮಾಡಿದ್ರೆ ನಿಮ್ಮ ಪೆನ್ಷನ್ನು..."

"ಅದನ್ನ ನಾನು ನೋಡ್ಕೋತೀನಿ. ನೀನು ಅರ್ಜಿ ಬರಿ."

"ನೀವು ಒಂದ್ಸಲ ಮನೇಲಿ ಕೇಳಿ ಸಾರ್."

"ಕೇಳಿದ್ರೆ ಬೇಡ ಅಂತಾಳೆ. ಅದಕ್ಕೇ ಕೇಳಲ್ಲ."

ಅವರು ನಗಲು ನೋಡಿದರು. ಆಗಲಿಲ್ಲ. ಚಪ್ಪಲಿ ಎಳೆಯುತ್ತಾ ಒಳಗೆ ಹೋದರು.

*

ರಸ್ತೆ ದಾಟುವಾಗ ಬಿಟಿಎಸ್ ಬಸ್ಸೊಂದು ಅಂಬುಜಾಳನ್ನು ಸವರಿಕೊಂಡೇ ಹೋಯಿತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಬೈದ. ಅವಳಿಗೆ ಕೇಳಿಸಲಿಲ್ಲ.

ಮುನಿರಾಮಯ್ಯ ಓಡಿ ಬಂದ. "ಏನಂದ? ಒಪ್ಕೊಂಡ್ನಾ? ಕರ್ಕೊಂಡು ಹೋಗೋದಾ ಸ್ಟೇಷನ್‌ಗೆ?"

"ಮಾಮ, ಐದು ನಿಮಿಷ ಏನೂ ಮಾತಾಡ್ಬೇಡಿ."

ಅವಳ ಮುಖ ನೋಡಿ ಅವನು ನಿಜವಾಗಿಯೂ ಸುಮ್ಮನಾದ.

ಅಂಬುಜಾ ಮೆಟ್ಟಿಲ ಮೇಲೆ ನರಸಮ್ಮನ ಪಕ್ಕ ಕೂತಳು. ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಬಾಯಿಗೆ ಬಂದದ್ದು ಒಂದೇ ಮಾತು.

"ಅಕ್ಕಾ, ಆ ಮೂರು ಪುಟ ಎಲ್ಲಿ?"

ನರಸಮ್ಮ ಬೆಚ್ಚಲಿಲ್ಲ. ಈ ಪ್ರಶ್ನೆಗಾಗಿ ಎರಡು ದಿನದಿಂದ ಕಾಯುತ್ತಿದ್ದವಳಂತೆ ಕಣ್ಣು ಮುಚ್ಚಿದಳು.

"ಇಲ್ಲ ಟೀಚರಮ್ಮ."

"ಸುಟ್ಟು ಹಾಕಿದ್ರಾ?"

"ಊಹೂಂ."

"ಚನ್ನಮಲ್ಲಪ್ಪನ ಕಡೆಯೋರು ಯಾರಾದ್ರೂ ಬಂದು ಹೆದರಿಸಿದ್ರಾ? ಹೇಳಿ ಅಕ್ಕಾ, ದಫೇದಾರ್ ಮಾಮ ಇಲ್ಲೇ ಇದಾರೆ. ಯಾರೇ ಆಗಿರ್ಲಿ."

"ಯಾರೂ ಹೆದರಿಸ್ಲಿಲ್ಲ."

"ಮತ್ತೆ ಯಾರು ಹೇಳಿದ್ರು ಕದೀರಿ ಅಂತ?"

ನರಸಮ್ಮನ ಕಣ್ಣು ತೆರೆಯಿತು. ಅದರಲ್ಲಿ ಸಿಟ್ಟಿತ್ತು. "ಕದ್ದೆ ಅನ್ಬೇಡಿ. ಯಾರ ಹೆಬ್ಬೆಟ್ಟಿತ್ತೋ ಅವರಿಗೇ ಕೊಟ್ಟೆ. ನಿನ್ನೆ ಜೈಲಿಗೆ ಹೋಗಿದ್ದೆ. ಜಾಲರಿ ಸಂದೀಲಿ ಮಡಚಿ ಕೊಟ್ಟೆ. ಅಲ್ಲೇ ನಿಂತ್ಕೊಂಡು ಚೂರು ಚೂರು ಹರಿದು, ಬಾಯಿಗೆ ಹಾಕ್ಕೊಂಡು ಅಗಿದು ನುಂಗ್ಬಿಟ್ರು."

ಮುನಿರಾಮಯ್ಯನ ಬಾಯಿ ತೆರೆದುಕೊಂಡಿತು.

"ಬೆಟ್ಟಯ್ಯನೇ ತರಕ್ಕೆ ಹೇಳಿದ್ರಾ?" ಅಂಬುಜಾಳಿಗೆ ತನ್ನ ದನಿಯೇ ಬೇರೆಯವರದ್ದೆನಿಸಿತು. "ಅಕ್ಕಾ, ಆ ಪುಟ ಇದ್ರೇನೇ ಅವರು ಮನೆಗೆ ಬರೋದು! ಹೋದ ತಿಂಗಳು ಅವರೇ ನನಗೆ ಕೈ ಮುಗಿದು ಹೇಳಿದ್ರು, ಹೆಂಗಾದ್ರೂ ಮಾಡಿ ಆ ಹೇಳಿಕೆ ತರ್ಸಮ್ಮ ಅಂತ!"

"ನನಗೆ ಗೊತ್ತಿಲ್ವಾ?" ನರಸಮ್ಮ ಕಟ್ಟುತ್ತಿದ್ದ ಹೂವನ್ನು ಬುಟ್ಟಿಗೆ ಹಾಕಿದಳು. "ನನಗೆ ಬೇಡ್ವಾ ಅವರು ಮನೆಗೆ ಬರೋದು? ಮೊನ್ನೆ ಮಂಗಳವಾರ ಹೋದಾಗ ಅವರು ಅವರಾಗಿರ್ಲಿಲ್ಲ. ನನ್ನ ಹೆಬ್ಬೆಟ್ಟಿರೋ ಒಂದು ಪುಟಾನೂ ಆ ಆಫೀಸಲ್ಲಿ ಉಳೀಬಾರ್ದು, ಟೀಚರಮ್ಮನಿಗೂ ಹೇಳ್ಬೇಡ ಅಂದ್ರು. ಯಾಕೆ ಅಂತ ಕೇಳಿದ್ದಕ್ಕೆ ಅತ್ಬಿಟ್ರು. ಇಪ್ಪತ್ತು ವರ್ಷದಲ್ಲಿ ಅವರು ಅತ್ತಿದ್ದು ನಾನು ನೋಡಿರ್ಲಿಲ್ಲ."

"ಮಂಗಳವಾರದ ಮುಂಚೆ ಏನಾಯ್ತು? ಯಾರಾದ್ರೂ ಅವರನ್ನ ನೋಡಕ್ಕೆ ಹೋಗಿದ್ರಾ?"

ನರಸಮ್ಮ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಕ್ಕಾ."

"ಹೇಳಿದ್ರೆ ನೀವು ನಂಬಲ್ಲ."

"ನಂಬ್ತೀನಿ. ಹೇಳಿ."

"ನಿನ್ನೆ ಅವರು ಹೇಳಿದಾಗ ನಾನೂ ನಂಬ್ಲಿಲ್ಲ. ಮಾದೇಶ್ವರನ ಮೇಲೆ ಆಣೆ ಹಾಕ್ಸ್ಕೊಂಡೆ." ಅವಳು ಅಕ್ಕಪಕ್ಕ ನೋಡಿದಳು. ಹೋಟೆಲಿನ ರೇಡಿಯೋದಲ್ಲಿ ಯಾವುದೋ ವಾದ್ಯಗೋಷ್ಠಿ ನಡೆದಿತ್ತು. "ಸೋಮವಾರ ಬಂದಿದ್ದು ಹನುಮಯ್ಯ."

"ಯಾವ ಹನುಮಯ್ಯ?" ಮುನಿರಾಮಯ್ಯ ಕೊನೆಗೂ ಬಾಯಿಬಿಟ್ಟ.

"ನಮ್ಮ ಹನುಮಯ್ಯಾನೇ ದಫೇದಾರಪ್ಪ. ಬಾಯ್ಲರ್‌ನಲ್ಲಿ ಸತ್ತ ಅಂತ ನೀವು ಹೆಗಲು ಕೊಟ್ಟು ಮಣ್ಣು ಮಾಡಿ ಬಂದ್ರಲ್ಲ, ಅವನೇ. ಗಡ್ಡ ಬಿಟ್ಟಿದಾನಂತೆ. ಅಷ್ಟು ಬಿಟ್ರೆ ಏನೂ ಆಗಿಲ್ವಂತೆ."

ಸೈಕಲ್ಲಿನ ಹ್ಯಾಂಡಲ್ ಮುನಿರಾಮಯ್ಯನ ಕೈಯಿಂದ ಜಾರಿತು. ಸೈಕಲ್ಲು ದಢಾರನೆ ಬಿತ್ತು. ಯಾರೂ ಎತ್ತಲು ಹೋಗಲಿಲ್ಲ.

ಪಾಳಿಗೆ ಮೂವರು, ಎಂದಿದ್ದರು ಗುರುಸಿದ್ದಯ್ಯ. ಹಾಗಾದರೆ ಆವತ್ತು ಮಣ್ಣಿಗೆ ಹೋದದ್ದು ಯಾರು?

"ಇನ್ನೇನಾದ್ರೂ ಅಂದ್ನಂತಾ ಅಕ್ಕಾ?"

ನರಸಮ್ಮ ಅಂಬುಜಾಳ ಕೈ ಹಿಡಿದುಕೊಂಡಳು.

"ಆ ಪುಟ ಇಲ್ಲದಂಗೆ ಮಾಡಿದ್ರೋ ಇಲ್ವೋ ಅಂತ ನನ್ನನ್ನೇ ಕೇಳ್ತಾನಂತೆ. ನಾಡಿದ್ದು ಭಾನುವಾರ ನಮ್ಮನೆಗೆ ಬರ್ತಾನಂತೆ."